ಪಾಠ ಒಪ್ಪಿಸಿದವರು ಹಾಜರು

ಗಜೇಂದ್ರಗಡ
೧೮ ಅಕ್ಟೋಬರ್ ೧೯೫೬

ಅಕ್ಕಾ,

ಕಾಗದದ ನೆತ್ತಿಯ ಮೇಲೆ ಶ್ರೀಕಾರವಿಲ್ಲವೆಂದು ಸಿಟ್ಟಾಗಬೇಡ. ಇರುವ ಜಾಗವನ್ನೆಲ್ಲ ಕೆಲಸದ ಮಾತಿಗೇ ಇಟ್ಟುಕೊಂಡಿದ್ದೇನೆ.

ಬನ್ನಿ ಹಬ್ಬಕ್ಕೆ ನಿಮ್ಮೂರಿಗೆ ಬಂದಾಗ ನಿನ್ನ ಮನೆಯವರು, ಶಿವನಪ್ಪ ಮಾವ, ನಾಲ್ಕು ಮಂದಿಯ ಎದುರು ಆಡಿದ ಮಾತು ನಿನಗೂ ನೆನಪಿರಬೇಕು. "ನಮ್ಮ ಫಕೀರವ್ವ ಚೈತ್ರದಾಗ ನಾಕನೇ ಇಯತ್ತಿ ಪಾಸಾಗ್ಲಿ, ನೀ ಗಜೇಂದ್ರಗಡಕ್ಕ ಕರಕೊಂಡ ಹೋಗಿ ಓದಸು. ಪಾಸಾಗ್ಲಿಲ್ಲಂದ್ರ ಶಿರೋಳದ ನಮ್ಮಕ್ಕನ ಮಗಗ ಕೊಟ್ಟ ಬಿಡತೀನಿ. ಆಮ್ಯಾಲ ನೀ ನಡುವ ಬಾಯಿ ಹಾಕಬ್ಯಾಡ ಹನಮಪ್ಪ." ನಾನು ಕೈ ಮೇಲೆ ಕೈ ಹಾಕಿ ಬಂದಿದ್ದೇನೆ. ನಾನು ನೂಲಿಗೆ ಬಣ್ಣ ಹಾಕುವ ಕೆಲಸಕ್ಕಿರುವ ನೇಕಾರ ವೀರಪ್ಪನವರ ಮನೆಯಲ್ಲಿ ಎಲ್ಲ ಮಾತಾಗಿದೆ. ಅವರ ಹೆಂಡತಿ ವೀರವ್ವ, "ನನ್ನ ಎರಡು ಹುಡುಗ್ಯಾರ ಕೂಡ ಇನ್ನೊಂದು. ತಾಟು ಒಂದು ಹೆಚ್ಚಿಗಿ ಇಟ್ಟರಾತು" ಎಂದರು. ಫಕೀರವ್ವ ಇಲ್ಲಿದ್ದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಬಹುದು. ಹನ್ನೆರಡು ವರ್ಷದ ನಿನ್ನ ಮಗಳ ಇಡೀ ಬಾಳು ಈಗ ನಿಮ್ಮೂರ ಸಾಲಿಯ ಮೇಲೆ ನಿಂತಿದೆ.

ಆದ್ದರಿಂದ ಆ ಸಾಲಿ ಎಂಥದು ಎಂದು ನನಗೆ ಗೊತ್ತಾಗಬೇಕು. ಇಲ್ಲಿಯ ವಾಚನಾಲಯದಲ್ಲಿ ಎರಡಾಣೆಯ ಒಂದು ಪುಸ್ತಿಕೆ ಸಿಕ್ಕಿತು. ಊರಿನ ಸಾಲಿಯನ್ನು ಊರವರೇ ಪರೀಕ್ಷಿಸಬೇಕು, ಅದು ಸರ್ಕಾರದ ಭಿಕ್ಷೆಯಲ್ಲ, ನಮ್ಮ ಹಕ್ಕು ಎಂದು ಅದರಲ್ಲಿ ಬರೆದಿದೆ. ಮೂರು ಸಲ ಓದಿದೆ. ನೀನು ಹೋಗಿ ಕೇಳಿ ತಿಳಿದು ಬರೆಸು. ಹಾಜರಿ ಪುಸ್ತಕದಲ್ಲಿ ಎಷ್ಟು ಮಕ್ಕಳು, ನಿಜವಾಗಿ ಬರುವವರು ಎಷ್ಟು? ಅದರಲ್ಲಿ ಹುಡುಗಿಯರೆಷ್ಟು? ನೂಲುವ ಕೆಲಸ ಕಲಿಸುತ್ತಾರೋ? ತೋಟ ಇದೆಯೋ? ನಕಾಶೆ ಇದೆಯೋ? ಹೋದ ವರ್ಷ ನಾಲ್ಕನೆಯದಕ್ಕೆ ಎಷ್ಟು ಜನ ಕೂತರು, ಎಷ್ಟು ಜನ ಪಾಸಾದರು? ಒಂದನ್ನೂ ಬಿಡಬೇಡ.

ನಿನ್ನ ತಮ್ಮ
ಹನಮಪ್ಪ


ಕೆಂಚಮರಡಿ
೨ ನವೆಂಬರ್ ೧೯೫೬

ತಮ್ಮ ಹನಮಪ್ಪನಿಗೆ ಅಕ್ಕ ಮಾಳವ್ವನ ಆಶೀರ್ವಾದ.

ನಾವೆಲ್ಲ ಆರಾಮ ಇದ್ದೇವೆ. ನೀನು ಹೊಟ್ಟೆಗೆ ರೊಟ್ಟಿ ತಿನ್ನುತ್ತೀಯೋ ಅಚ್ಚಿನ ಕಾಗದವನ್ನೇ ತಿನ್ನುತ್ತೀಯೋ ಬರೆ. ಈ ಕಾಗದ ಬರೆದುಕೊಟ್ಟವರು ಯಾರೆಂದು ಮಾತ್ರ ಕೇಳಬೇಡ. ಕಾಲ ಬಂದಾಗ ನಾನೇ ಹೇಳುತ್ತೇನೆ.

ನಿನ್ನ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಸಾಲಿಗೆ ಹೋಗಿದ್ದೆ. ಹನಮಂತದೇವರ ಗುಡಿಯ ಪೌಳಿಯೇ ಸಾಲಿ. ಬಸಯ್ಯ ಮಾಸ್ತರರೊಬ್ಬರೇ ಎಲ್ಲ ಇಯತ್ತೆಗೂ ಕಲಿಸುತ್ತಾರೆ. ನನ್ನನ್ನು ನೋಡಿ, "ಯಾಕವಾ ಮಾಳವ್ವ, ನೀನೂ ಹೆಸರ ಹಚ್ಚಾಕ ಬಂದೀಯೇನ?" ಎಂದು ನಕ್ಕರು. "ನನ್ನ ತಮ್ಮ ಕೇಳ್ಯಾನ್ರಿ" ಎಂದೆ. ಒಂದೊಂದಕ್ಕೂ ಉತ್ತರ ಕೊಟ್ಟರು.

ಹಾಜರಿಯಲ್ಲಿ ನಲವತ್ತೊಂದು ಹೆಸರು, ಅದರಲ್ಲಿ ಹುಡುಗಿಯರು ಒಂಬತ್ತು. ನೂಲುವ ತಕಲಿ ಎಂಟು ಇವೆ, ಮೂರು ಮುರಿದಿವೆ. ತೋಟವೆಂದರೆ ಒಂದು ಬೇವಿನ ಗಿಡ ಮತ್ತು ಗೌಡರ ಆಡು ತಿಂದು ಉಳಿಸಿದ ಬದನೆಯ ಸಸಿ. ನಕಾಶೆ ಒಂದೇ, ಮುಂಬಯಿ ರಾಜ್ಯದ್ದು. ನಿನ್ನೆ ಕನ್ನಡದವರೆಲ್ಲ ಒಂದಾದೆವೆಂದು ಮಕ್ಕಳಿಗೆ ಬೆಲ್ಲ ಹಂಚಿದರು, ನಕಾಶೆ ಹಳೆಯದಾಯಿತು. ಹೋದ ವರ್ಷ ನಾಲ್ಕನೆಯದಕ್ಕೆ ಐದು ಮಂದಿ ಕೂತು ನಾಲ್ವರು ಪಾಸಾದರು. ಉಳಿದೊಬ್ಬನಿಗೆ ಅವತ್ತು ಚಳಿಜ್ವರ.

ನಿಜವಾಗಿ ಬರುವವರು ಎಷ್ಟು ಎಂದು ಕೇಳಿದಾಗ, "ನನ್ನ ಸಾಲ್ಯಾಗ ಪಾಠ ಒಪ್ಪಿಸಿದಾಂವ ಹಾಜರ, ಮಾಳವ್ವ. ತಟ್ಟಿನ ಮ್ಯಾಲ ಕುಂತು ನಿದ್ದಿ ಹೊಡ್ಯಾಂವ ಗೈರಹಾಜರ. ಹಿಂಗಂತ ನಿನ್ನ ತಮ್ಮಗ ಬರಸು" ಎಂದರು. ಹಾಗೇ ಬರೆಸಿದ್ದೇನೆ.

ಮಾಳವ್ವ


ಗಜೇಂದ್ರಗಡ
೧೪ ನವೆಂಬರ್ ೧೯೫೬

ಅಕ್ಕಾ,

ನಿನ್ನ ಕಾಗದ ಓದಿ ನಗು ಬಂತು. ಮಾರನೆಯ ದಿನ ಮತ್ತೆ ಓದಿದೆ, ನಗು ಬರಲಿಲ್ಲ. ಎಲ್ಲದಕ್ಕೂ ಲೆಕ್ಕ ಕೊಟ್ಟ ಮನುಷ್ಯ ಒಂದೇ ಒಂದು ಪ್ರಶ್ನೆಗೆ ಹಾಸ್ಯ ಮಾಡಿದ್ದಾನೆ. ಎಷ್ಟು ಮಕ್ಕಳು ಬರುತ್ತಾರೆ ಎಂದು ಕೇಳಿದರೆ ಒಂದು ಅಂಕಿ ಹೇಳುವುದು ಎಷ್ಟರ ಕಷ್ಟ?

ಇನ್ನೊಂದು ಮಾತು. ನಿನಗೆ ಕಾಗದ ಬರೆದುಕೊಡುತ್ತಿರುವವರು ಆ ಮಾಸ್ತರರೇ ಎಂದು ಅಕ್ಷರ ನೋಡಿದ ಕೂಡಲೇ ತಿಳಿಯಿತು. ನಿಮ್ಮೂರಲ್ಲಿ ಇಷ್ಟು ದುಂಡಗೆ, ಒಂದು ಕಾಟು ಹೊಡೆಯದೆ ಬರೆಯುವವರು ಬೇರೆ ಯಾರಿದ್ದಾರೆ? ಯಾರ ಕೆಲಸವನ್ನು ಪರೀಕ್ಷಿಸಬೇಕೋ ಅವರ ಕೈಯಿಂದಲೇ ಉತ್ತರ ಬರೆಸಿದರೆ ಏನು ಬಂತು! ನಿನ್ನ ಮೇಲೆ ಸಿಟ್ಟಿಲ್ಲ, ನಿನಗೆ ಬೇರೆ ದಾರಿ ಇಲ್ಲ. ಆದರೆ ಒಂದೇ ಸಾಲು, ನಿನ್ನ ಮಾತಿನಲ್ಲಿ ಬರೆಸು: ಫಕೀರವ್ವ ದಿನಾ ಸಾಲಿಗೆ ಹೋಗುತ್ತಾಳೋ ಇಲ್ಲವೋ?

ರಾಜ್ಯ ಒಂದಾಯಿತು ಅಕ್ಕಾ. ಇಲ್ಲಿ ಮಂದಿ ಕುಣಿದರು. ನಾನೂ ಬಣ್ಣದ ಕೈಯಲ್ಲೇ ಓಡಿಹೋಗಿ ಕುಣಿದೆ. ಇನ್ನು ಮೇಲಾದರೂ ಸುಳ್ಳು ಪುಸ್ತಕಗಳು ಮುಗಿಯಬೇಕು.

ಹನಮಪ್ಪ


ಕೆಂಚಮರಡಿ
೨೧ ಜನವರಿ ೧೯೫೭

ತಮ್ಮ ಹನಮಪ್ಪನಿಗೆ ಮಾಳವ್ವನ ಆಶೀರ್ವಾದ.

ಉತ್ತರ ತಡವಾಯಿತು. ಎಳ್ಳಮಾಸಿಯ ಮರುದಿನ ಗಂಡು ಕೂಸು ಹುಟ್ಟಿತು. ಹೆರಿಗೆ ಕಷ್ಟವಾಯಿತು, ಸೂಲಗಿತ್ತಿ ಮದರಬಿ ಎರಡು ದಿನ ಮನೆಗೇ ಹೋಗಲಿಲ್ಲ. ಈಗ ಎದ್ದು ಓಡಾಡುತ್ತಿದ್ದೇನೆ. ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಾಗಿದೆ.

ಫಕೀರವ್ವ ಚಲೋ ಕಲಿಯುತ್ತಿದ್ದಾಳೆ. ಹದಿನಾರರ ಮಗ್ಗಿ ಬರುತ್ತದೆ. ನೀನು ಈಗ ಬರುವುದು ಬೇಡ. ಹತ್ತಿ ಬಿಡಿಸುವುದು ಮುಗಿಯಲಿ, ಯುಗಾದಿಗೆ ಬಾ, ಹೋಳಿಗೆ ಮಾಡುತ್ತೇನೆ.

ಮಾಳವ್ವ


ಗಜೇಂದ್ರಗಡ
೨೧ ಫೆಬ್ರುವರಿ ೧೯೫೭

ಅಕ್ಕಾ,

ಮೊನ್ನೆ ಮಂಗಳವಾರ ನಿಮ್ಮೂರಿಗೆ ಬಂದಿದ್ದೆ. ನಿನ್ನ ಬಾಗಿಲಿಗೆ ಬರಲಿಲ್ಲ, ಕೂಸಿನ ಮುಖ ನೋಡಲಿಲ್ಲ. ಬಂದಿದ್ದರೆ ನೀನು ತಡೆಯುತ್ತಿದ್ದೆ. ದಿನಾ ಹೋಗುತ್ತಾಳೋ ಎಂಬ ಒಂದು ಮಾತಿಗೆ ನೀನು ಎರಡು ತಿಂಗಳು ಉತ್ತರ ಕೊಡಲಿಲ್ಲ. ಕೊಟ್ಟಾಗ ಮಗ್ಗಿಯ ಸುದ್ದಿ ಹೇಳಿ, ಈಗ ಬರಬೇಡ ಎಂದೆ.

ಹನ್ನೊಂದು ಗಂಟೆಗೆ ಸಾಲಿಯಲ್ಲಿ ನಿಂತಿದ್ದೆ. ಎಣಿಸಿದೆ. ಎರಡು ಸಲ ಎಣಿಸಿದೆ. ಹದಿಮೂರು ಮಕ್ಕಳು. ಹಾಜರಿ ಪುಸ್ತಕ ಕೇಳಿದೆ, ಮಾಸ್ತರರು ತೆಗೆದು ಕೊಟ್ಟರು. ಅವತ್ತಿನ ದಿನಕ್ಕೆ ಮೂವತ್ತಾರು ಮಂದಿ ಹಾಜರು! ಅದರಲ್ಲಿ ನಮ್ಮ ಫಕೀರವ್ವನ ಹೆಸರು. ಫಕೀರವ್ವ ಎಲ್ಲಿ ಎಂದು ಕೇಳಿದೆ.

"ಹೊಲದಾಗ ಅದಾಳ" ಎಂದರು.

"ಹೊಲದಾಗ ಇದ್ದಾಕಿ ಇಲ್ಲಿ ಹ್ಯಾಂಗ ಹಾಜರ್ರಿ?"

"ಕೂಡ್ರು ತಮ್ಮಾ. ನೀರ ಕುಡಿ. ಮುಂಜಾನಿ ನನ್ನ ಕೂಡ ಬಾ, ತೋರಸ್ತೀನಿ."

"ನನಗ ಪುಸ್ತಕ ತೋರಿಸಿದ್ರಿ, ಸಾಕು" ಎಂದು ಎದ್ದೆ. ಬೆಳವಣಕಿಯಿಂದ ಮೋಟಾರು ಹಿಡಿಯಬೇಕಿತ್ತು. ಅವರ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ ಅಕ್ಕಾ. ಸುಳ್ಳು ಅಷ್ಟು ರೂಢಿಯಾಗಿಬಿಟ್ಟಿದೆ ಎಂದುಕೊಂಡೆ.

ನಿನ್ನೆ ಮೇಲಿನ ಕಚೇರಿಗೆ ಅರ್ಜಿ ಬರೆದು ನನ್ನ ಹೆಸರು ಹಾಕಿ ಕಳಿಸಿದ್ದೇನೆ. ಇಪ್ಪತ್ತಮೂರು ಮಕ್ಕಳು ಕಾಗದದ ಮೇಲೆ ಕಲಿಯುತ್ತಿದ್ದಾರೆ, ಹೊಲದಲ್ಲಿ ದುಡಿಯುತ್ತಿದ್ದಾರೆ ಎಂದು ಬರೆದೆ. ಚೈತ್ರದೊಳಗೆ ಒಳ್ಳೆಯ ಮಾಸ್ತರರು ಬಂದು ಒಂದು ತಿಂಗಳು ಕಲಿಸಿದರೂ ಫಕೀರವ್ವ ಪಾಸಾಗಬಹುದು. ಅವಳಿಗಾಗಿಯೇ ಇದನ್ನು ಮಾಡಿದೆ.

ಹನಮಪ್ಪ


ಕೆಂಚಮರಡಿ
೪ ಮಾರ್ಚ್ ೧೯೫೭

ಹನಮಪ್ಪಾ,

ಊರಿಗೆ ಬಂದು ನನ್ನ ಬಾಗಿಲಿಗೆ ಬಾರದೆ ತಿರುಗಿ ಹೋದಿ ಎಂದು ತಿಳಿದ ಮೇಲೆ ಅನ್ನ ಇಳಿಯುತ್ತಿಲ್ಲ. ಮಾಸ್ತರರು ಕಾಗದ ಬರೆಯುತ್ತಾರೆಂದು ನೀನು ಬರೆದಾಗ ನಾನು ಸುಮ್ಮನಿದ್ದದ್ದು ತಪ್ಪು. ಮಗಳನ್ನು ಹೊಗಳಿದರೆ ದೃಷ್ಟಿಯಾಗುತ್ತದೆ, ಪಾಸಾದ ದಿನ ಹೇಳೋಣ ಎಂದುಕೊಂಡಿದ್ದೆ. ಎಲ್ಲ ಕಾಗದ ಬರೆದವಳು ನಿನ್ನ ಸೊಸೆಯೇ. ಇನ್ನು ಹೇಳುವುದನ್ನು ಅವಳೇ ಬರೆಯಲಿ. ನನಗೆ ಅಳು ಬರುತ್ತಿದೆ.

ಮಾವಾ, ನಾನು ಫಕೀರವ್ವ. ಅವ್ವ ಮಾತಿನಲ್ಲಿ ಹೇಳುತ್ತಾಳೆ, ನಾನು ಪುಸ್ತಕದ ಕನ್ನಡದಲ್ಲಿ ಬರೆಯುತ್ತೇನೆ. ಮಾಸ್ತರರು ಹಾಗೆ ಬರೆಯಲು ಕಲಿಸಿದ್ದಾರೆ.

ಅವ್ವನಿಗೆ ಮೈಯಲ್ಲಿ ಆರಾಮಿಲ್ಲದ್ದರಿಂದ ಡಿಸೆಂಬರಿನಿಂದ ನಾನು ಮನೆಯಲ್ಲಿ, ಹೊಲದಲ್ಲಿ ಇದ್ದೇನೆ. ಹತ್ತಿ ಬಿಡಿಸುವ ಕಾಲಕ್ಕೆ ಎಲ್ಲರ ಮನೆಯಲ್ಲೂ ಹಾಗೆಯೇ. ಆದರೆ ಮಾಸ್ತರರು ದಿನಾ ಹೊತ್ತು ಮೂಡುವುದಕ್ಕೆ ಹೊಲಕ್ಕೆ ಬರುತ್ತಾರೆ. ನಾನು ಒಂದು ಸಾಲಿನ ಹತ್ತಿ ಬಿಡಿಸಿ ಉಡಿ ತುಂಬುವಷ್ಟರಲ್ಲಿ ಅವರು ಪಕ್ಕದ ಸಾಲಿನಲ್ಲಿ ನಡೆಯುತ್ತ ಮಗ್ಗಿ ಕೇಳುತ್ತಾರೆ. ಸಾಲಿನ ಕೊನೆ ಬಂದಾಗ ಕೋಲಿನಿಂದ ಎರೆಮಣ್ಣಿನ ಮೇಲೆ ಲೆಕ್ಕ ಬಿಡಿಸಬೇಕು. ತಪ್ಪಿದರೆ, "ಇನ್ನೊಂದು ಸಾಲ ಹಿಡಿಯವಾ" ಎನ್ನುತ್ತಾರೆ. ನಮ್ಮ ಹೊಲ ಮುಗಿಸಿ ತೋಟಪ್ಪನವರ ಹೊಲ, ಆಮೇಲೆ ಹಳ್ಳದ ಆಚೆಯ ಹೊಲ. ಹತ್ತು ಗಂಟೆಗೆ ಸಾಲಿಗೆ ಹೋಗಿ, ಪಾಠ ಒಪ್ಪಿಸಿದವರ ಹೆಸರಿಗೆ ಹಾಜರಿ ಹಾಕುತ್ತಾರೆ. ಒಪ್ಪಿಸದಿದ್ದರೆ ಹಾಕುವುದಿಲ್ಲ. ನನಗೆ ಎರಡು ಸಲ ಗೈರುಹಾಜರಿ ಬಿದ್ದಿದೆ.

ನೀನು ಬಂದ ದಿನ ಮುಂಜಾನೆ ನಾನು ಹದಿನೇಳರ ಮಗ್ಗಿ ಒಪ್ಪಿಸಿದ್ದೆ.

ಬರುವ ಸೋಮವಾರ ನಿನ್ನ ಅರ್ಜಿಯ ಚೌಕಶಿಗೆ ಕಚೇರಿಯ ಸಾಹೇಬರು ಬರುತ್ತಾರಂತೆ. ಮಾಸ್ತರರು ನಿನ್ನ ಮೇಲೆ ಸಿಟ್ಟು ಮಾಡಿಲ್ಲ. "ನಿಮ್ಮ ಮಾವನ ಲೆಕ್ಕ ಬರೋಬ್ಬರಿ ಐತಿ. ಹದಿಮೂರ ಅಂದ್ರ ಹದಿಮೂರ" ಎಂದರು. ಲಗೂ ಇನ್ನೊಂದು ಕಾಗದ ಬರೆ ಮಾವಾ.

ಫಕೀರವ್ವ


ಗಜೇಂದ್ರಗಡ
೭ ಮಾರ್ಚ್ ೧೯೫೭

ಫಕೀರವ್ವಾ,

ನಿನ್ನ ಕಾಗದ ಇಂದು ಬಂತು. ಹಿಂದಿನ ಎಲ್ಲ ಕಾಗದಗಳನ್ನು ತೆಗೆದು ಚಾಪೆಯ ಮೇಲೆ ಹರಡಿಕೊಂಡು ಕೂತೆ. ಆ ಸಾಲಿಯಲ್ಲಿ ಏನು ಕಲಿಸುತ್ತಾರೆ ಎಂದು ನಾನು ಊರೂರು ಕೇಳುತ್ತಿದ್ದೆ. ಉತ್ತರ ನಿನ್ನ ಅಕ್ಷರದಲ್ಲಿ ನನ್ನ ಕೈಯಲ್ಲೇ ಇತ್ತು. ವೀರವ್ವನವರು ಬಂದು ನೋಡಿ, "ಯಾಕ ಹನಮಪ್ಪ, ಊರ ಕಡೆ ಯಾರರ ತೀರಕೊಂಡ್ರೇನ?" ಎಂದು ಕೇಳಿದರು.

ಕಚೇರಿಗೆ ಎರಡನೆಯ ಕಾಗದ ಬರೆದು ಈಗಲೇ ಅಂಚೆಗೆ ಹಾಕಿದೆ. ನೀನು ಹೇಳಿದ್ದನ್ನೆಲ್ಲ ಬರೆದಿದ್ದೇನೆ. ಮಕ್ಕಳು ಕಟ್ಟಡದಲ್ಲಿರಲಿಲ್ಲ, ನಿಜ. ಆದರೆ ಆ ಮಾಸ್ತರರೇ ಸಾಲಿಯನ್ನು ಹೆಗಲ ಮೇಲೆ ಹೊತ್ತು ಮಕ್ಕಳಿದ್ದಲ್ಲಿಗೆ ಹೋಗುತ್ತಿದ್ದರು ಎಂದು.

ನೀನು ಹೆದರಬೇಡ. ಸಾಹೇಬರು ಕೇಳಿದರೆ ಖರೆ ಇದ್ದದ್ದನ್ನೇ ಹೇಳು. ಬೇರೆ ಮಕ್ಕಳಿಗೆ ಅವರಪ್ಪಂದಿರು ಸುಳ್ಳು ಹೇಳಿಕೊಟ್ಟಿರಬಹುದು. ನೀನು ಹೇಳಬೇಡ. ಸತ್ಯವನ್ನು ಪೂರ್ತಿ ಹೇಳಿದರೆ ಅದು ಯಾರನ್ನೂ ಕೆಡಿಸುವುದಿಲ್ಲ. ಎದ್ದು ನಿಂತು, ಗಟ್ಟಿ ದನಿಯಲ್ಲಿ ಹೇಳು.

ನಿನ್ನ ಮಾವ
ಹನಮಪ್ಪ


ಕೆಂಚಮರಡಿ
೨೦ ಮಾರ್ಚ್ ೧೯೫೭

ಮಾವಾ,

ಇದನ್ನು ಅವ್ವ ಬರೆಸುತ್ತಿಲ್ಲ. ನಾನೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಭಾನುವಾರ ಕೈಗೆ ಬಂತು. ಬೆಳವಣಕಿಯ ಸಂತೆಗೆ ಹೋದವರು ತಂದುಕೊಟ್ಟರು. ಸೋಮವಾರ ಎಲ್ಲರೂ ಸಾಲಿಗೆ ಹೋದೆವು. ನಲವತ್ತೊಂದು ಮಂದಿ ಒಟ್ಟಿಗೆ ಕೂತದ್ದು ಈ ವರ್ಷ ಅದೇ ಮೊದಲು. ತಟ್ಟು ಸಾಲದೆ ಹುಡುಗರು ಗುಡಿಯ ಮೆಟ್ಟಿಲ ಮೇಲೆ ಕೂತರು.

ಸಾಹೇಬರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಎಲ್ಲರೂ, "ದಿನಾ ಬಂದೀವ್ರಿ" ಎಂದರು. ತೋಟಪ್ಪನವರ ಮಗ ಕರೆಪ್ಪ ಹೆದರಿ, ಕೇಳುವ ಮೊದಲೇ "ಬಂದೀನ್ರಿ" ಎಂದುಬಿಟ್ಟ. ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಆಮೇಲೆ ನನ್ನ ಹೆಸರು ಬಂತು.

"ಫೆಬ್ರುವರಿ ಹತ್ತೊಂಬತ್ತಕ್ಕ ಸಾಲಿಗೆ ಬಂದಿದ್ದೇನು?"

ನಾನು ನೀನು ಹೇಳಿದಂತೆ ಎದ್ದು ನಿಂತೆ. ಗಟ್ಟಿ ದನಿಯಲ್ಲಿ "ಇಲ್ರಿ" ಎಂದೆ.

"ಅದರ ಹಿಂದಿನ ದಿನ?"

"ಇಲ್ರಿ. ಆದ್ರ ಮಾಸ್ತರ—"

"ಸಾಕು, ಕೂಡ್ರು."

ನಾನು ಕೂಡಲಿಲ್ಲ. "ಪಾಠ ಒಪ್ಪಿಸೀನ್ರಿ" ಎಂದೆ. ಅವರು ಬರೆಯುತ್ತಿದ್ದರು, ತಲೆ ಎತ್ತಲಿಲ್ಲ. ಪಾಠ ಒಪ್ಪಿಸಿದಿಯಾ ಎಂದು ಅವರು ಕೇಳಿಯೇ ಇರಲಿಲ್ಲ. ಹದಿನೇಳರ ಮಗ್ಗಿ ಹೇಳಲು ಶುರು ಮಾಡಿದೆ. ಆಗ ಮಾಸ್ತರರು ನನ್ನ ತಲೆಯ ಮೇಲೆ ಕೈ ಇಟ್ಟು ಕೂರಿಸಿದರು. "ಹುಡುಗಿ ಖರೇ ಹೇಳ್ಯಾಳ್ರಿ ಸಾಹೇಬ್ರ. ಬರಕೋರಿ" ಎಂದರು.

ನಿನ್ನ ಎರಡನೆಯ ಕಾಗದವೂ ಸಾಹೇಬರ ಹತ್ತಿರ ಇತ್ತು. ಮಕ್ಕಳು ಕಟ್ಟಡದಲ್ಲಿರಲಿಲ್ಲ ಎಂಬ ನಿನ್ನ ಸಾಲನ್ನು ಓದಿ ಹೇಳಿದರು. ಉಳಿದದ್ದನ್ನು ಓದಲಿಲ್ಲ.

ಹೊಲದಲ್ಲಿದ್ದವರು ಯಾರ್ಯಾರೆಂದು ಮಾಸ್ತರರನ್ನೇ ಕೇಳಿ, ಅವರೆಲ್ಲರ ಹಾಜರಿಗೂ ಕೆಂಪು ಗೆರೆ ಎಳೆದರು. ಹಾಜರಿಯ ದಿನಗಳು ಸಾಲದ್ದರಿಂದ ನಾಲ್ಕನೆಯ ಇಯತ್ತೆಯಲ್ಲಿ ಪರೀಕ್ಷೆಗೆ ಉಳಿದವನು ಗೌಡರ ಮಗನೊಬ್ಬನೇ. ಅವನಿಗೆ ಏಳರ ಮಗ್ಗಿ ಬರುವುದಿಲ್ಲ, ಆದರೆ ದಿನಾ ಬಂದಿದ್ದಾನೆ. ಮಕ್ಕಳು ಕಡಿಮೆ ಎಂದು ಸಾಲಿ ಮುಚ್ಚಿ ಬೆಳವಣಕಿಯ ಸಾಲಿಗೆ ಸೇರಿಸುತ್ತಾರಂತೆ. ಮೂರು ಹರದಾರಿ ದೂರಕ್ಕೆ ಹುಡುಗಿಯರನ್ನು ಯಾರು ಕಳಿಸುತ್ತಾರೆ? ಮಾಸ್ತರರನ್ನು ಕೆಲಸದಿಂದ ನಿಲ್ಲಿಸಿದರು. ಶುಕ್ರವಾರ ಒಂದು ಟ್ರಂಕು, ಒಂದು ಹಾಸಿಗೆಸುತ್ತು ಹಿಡಿದು ಹೋದರು.

ಅಪ್ಪ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. "ಪಾಸಾಗಲಿಲ್ಲಲ್ಲವಾ" ಎಂದ, ಅಷ್ಟೇ. ವೈಶಾಖದಲ್ಲಿ ಶಿರೋಳಕ್ಕೆ ಕೊಡುತ್ತಾರೆ.

ನಾನು ಪೂರ್ತಿ ಹೇಳಬೇಕೆಂದಿದ್ದೆ ಮಾವಾ. ಅವರು ಅರ್ಧಕ್ಕೆ ಕೂಡ್ರು ಎಂದರು.

ಫಕೀರವ್ವ


ಗಜೇಂದ್ರಗಡ
೨೫ ಮಾರ್ಚ್ ೧೯೫೭

ಅಕ್ಕಾ, ಮಾವಾ,

ಇದು ಆಗಕೂಡದು. ಹದಿನೈದು ತುಂಬದ ಹುಡುಗಿಯ ಮದುವೆ ಕಾಯದೆಯಲ್ಲಿ ಅಪರಾಧ. ನನ್ನ ಹತ್ತಿರ ಅಚ್ಚಾದ ಪುಸ್ತಿಕೆ ಇದೆ. ಅರ್ಜಿ ಬರೆದು ಇಟ್ಟಿದ್ದೇನೆ, ಸಹಿ ಮಾತ್ರ ಬಾಕಿ. ನೀವು ನಿಲ್ಲಿಸದಿದ್ದರೆ ನಾನು ನಿಲ್ಲಿಸುತ್ತೇನೆ. ಪರೀಕ್ಷೆ ಇಲ್ಲದಿದ್ದರೂ ಅವಳನ್ನು ಕಳಿಸಿ. ಇಲ್ಲಿಯ ಸಾಲಿಯ ಬಾಗಿಲಲ್ಲಿ ನಾನು ಕೂತು ಬೇಡುತ್ತೇನೆ.

ಹನಮಪ್ಪ


ಕೆಂಚಮರಡಿ
೨ ಏಪ್ರಿಲ್ ೧೯೫೭

ಹನಮಪ್ಪಾ,

ಮಗಳ ಕೈಯಲ್ಲೇ ಇದನ್ನು ಬರೆಸಬೇಕಾಗಿದೆ. ಬೇರೆ ಯಾರಿದ್ದಾರೆ.

ಒಂದು ಅರ್ಜಿ ಬರೆದಿ, ಸಾಲಿ ಹೋಯಿತು. ಇನ್ನೊಂದು ಬರೆದರೆ ನನ್ನ ಗಂಡ ಹೋಗುತ್ತಾನೆ. ಪೊಲೀಸರು ಬಂದು ಎತ್ತಿನ ಕೊಟ್ಟಿಗೆಯ ಮುಂದೆ ಅವನ ಕೈ ಹಿಡಿದರೆ, ಎದೆಯ ಮೇಲಿನ ಈ ಕೂಸನ್ನು ಹೊತ್ತು ನಾನು ಎಲ್ಲಿಗೆ ಹೋಗಲಿ? ನೀನು ಒಳ್ಳೆಯವನು. ನನಗೆ ಗೊತ್ತು. ಒಳ್ಳೆಯವನಾಗಿಯೇ ಅಲ್ಲಿ ಇರು. ಮದುವೆಗೆ ಬರಬೇಡ, ಅರ್ಜಿ ಕಳಿಸಬೇಡ. ನಿನಗೆ ಕೈ ಮುಗಿಯುತ್ತೇನೆ.

ಮಾಳವ್ವ


ಗಜೇಂದ್ರಗಡ
೨೪ ಜೂನ್ ೧೯೫೭

ಫಕೀರವ್ವಾ, ನನ್ನ ಸೊಸೆಯೇ,

ಶಿರೋಳದ ನಿನ್ನ ಮನೆಗೆ ಇದು ನನ್ನ ಮೊದಲ ಕಾಗದ. ಓದುವುದನ್ನು ಬಿಡಬೇಡ. ಕಿರಾಣಿ ಸಾಮಾನು ಕಟ್ಟಿಕೊಟ್ಟ ಕಾಗದ ಸಿಕ್ಕರೂ ಬಿಚ್ಚಿ ಓದು.

ನಿನಗೆ ಹೇಳಬೇಕಾದದ್ದು ಒಂದಿದೆ. ನಿನ್ನ ಮದುವೆ ನಿಲ್ಲಿಸಲು ಬರೆದಿದ್ದ ಅರ್ಜಿಯನ್ನು ನಾನು ಕಳಿಸಲಿಲ್ಲ. ನಿನ್ನವ್ವನ ಮಾತು ಬಂದ ದಿನ ಅದನ್ನು ಬಣ್ಣದ ಹಂಡೆಯ ಕೆಳಗಿನ ಉರಿಗೆ ಹಾಕಿದೆ. ಮಾಸ್ತರರ ಮೇಲಿನ ಅರ್ಜಿ ಕಳಿಸುವಾಗ ಯಾರನ್ನೂ ಕೇಳಲಿಲ್ಲ, ಇದರಲ್ಲಿ ಅಕ್ಕನ ಮಾತು ಮೀರಲಿಲ್ಲ. ಕಳಿಸಬಾರದ್ದನ್ನು ಕಳಿಸಿದೆ, ಕಳಿಸಬೇಕಾದದ್ದನ್ನು ಸುಟ್ಟೆ.

ಹೋದ ವಾರ ನರಗುಂದದ ಹತ್ತಿರ ಬಸಯ್ಯ ಮಾಸ್ತರರನ್ನು ಹುಡುಕಿಕೊಂಡು ಹೋಗಿದ್ದೆ. ತಮ್ಮನ ಮನೆಯಲ್ಲಿದ್ದಾರೆ. ಕಾಲಿಗೆ ಬಿದ್ದೆ. "ಏಳೋ ಮಾರಾಯ. ಅವತ್ತ ಮುಂಜಾನಿ ಒಂದ ಹೊತ್ತು ನೀ ನಿಂತಿದ್ದರ ಸಾಕಿತ್ತು" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ, "ಆ ಹುಡುಗಿ ಸಾಹೇಬರ ಮುಂದ ಮಗ್ಗಿ ಹೇಳಿದ್ದು ಕೇಳಿದಿ? ಹದಿನೇಳಾರಲೆ ನೂರಾ ಎರಡರ ತನಕ ಒಂದೂ ತಪ್ಪಲಿಲ್ಲ" ಎಂದರು.

ನಾನು ನಿನಗೆ ಖರೆ ಹೇಳು ಎಂದೆ. ನೀನು ಹೇಳಿದೆ. ಅದರಲ್ಲಿ ನಿನ್ನ ತಪ್ಪು ಒಂದು ಎಳೆಯಷ್ಟೂ ಇಲ್ಲ. ಇದನ್ನು ತಿಳಿಸಲಿಕ್ಕೇ ಈ ಕಾಗದ. ತಪ್ಪೆಲ್ಲ ನನ್ನದು. ಒಂದು ಸಾಲು ಬರೆ.

ಹನಮಪ್ಪ


ಕೆಂಚಮರಡಿ
೨ ಆಗಸ್ಟ್ ೧೯೫೭

ಮಾವಾ,

ಪಂಚಮಿಗೆ ಅಪ್ಪ ಕರೆದುಕೊಂಡು ಬಂದಿದ್ದಾನೆ. ನಾಳೆ ಮತ್ತೆ ಶಿರೋಳಕ್ಕೆ. ಅದಕ್ಕೇ ಇಂದು ಬರೆಯುತ್ತಿದ್ದೇನೆ. ತಮ್ಮ ಈಗ ಬೋರಲು ಬೀಳುತ್ತಾನೆ.

ನಿನ್ನ ಕಾಗದ ಶಿರೋಳಕ್ಕೆ ಬಂದಿತ್ತು. ಆ ಮನೆಯಲ್ಲಿ ಯಾರಿಗೂ ಓದು ಬರುವುದಿಲ್ಲ. ಅತ್ತೆ ಗುಡ್ಡವ್ವ ಅದನ್ನು ಸಿಂಪಿ ಲಾಡಸಾಬನ ಹತ್ತಿರ ಒಯ್ದಳು. ನನ್ನನ್ನೂ ಕರೆದುಕೊಂಡು ಹೋದಳು. ಕಟ್ಟೆಯ ಮೇಲೆ ಏಳೆಂಟು ಮಂದಿ ಇದ್ದರು. ಅವನು ಜೋರಾಗಿ ಓದಿದ. ಓದುವುದನ್ನು ಬಿಡಬೇಡ ಎಂಬುದರವರೆಗೆ ಓದಿ, ಮುಂದಿನ ಸಾಲಿನ ಮೇಲೆ ಕಣ್ಣಾಡಿಸಿ, ನನ್ನ ಮುಖ ನೋಡಿದ. "ಮುಂದಿಂದು ನೀರಾಗ ತೊಯ್ದೈತಿ ಗುಡ್ಡವ್ವ, ಅಕ್ಷರ ಹತ್ತವಲ್ಲವು" ಎಂದು ಮಡಚಿಬಿಟ್ಟ. ಕಾಗದ ಒಣಗಿಯೇ ಇತ್ತು. ದೂರದಿಂದ ನನಗೆ ಕಾಣಿಸುತ್ತಿತ್ತು.

ದಾರಿಯಲ್ಲಿ ಅತ್ತೆ ಕೇಳಿದಳು. "ಸಾಹೇಬನ ಮುಂದ ಎದ್ದ ನಿಂತು ಮಾಸ್ತರನ ಕೆಲಸ ಕಳದಾಕಿ ನೀನ ಅಂತಲ್ಲ? ನಿನಗ ಓದಾಕ ಬರಿಯಾಕ ಬರತೈತೇನ? ಮನಿ ಮಾತ ತವರಿಗೆ ಬರಿಯೂ ಸೊಸಿ ನನಗ ಬ್ಯಾಡ."

ಬರುವುದಿಲ್ಲ ಎಂದೆ. ನಾಲ್ಕನೆಯದರಲ್ಲಿ ಪಾಸಾಗಿಲ್ಲ, ಬೇಕಾದರೆ ಕೇಳಿರಿ ಎಂದೆ. ನಂಬಿದಳು. ಕಾಗದವನ್ನು ಒಲೆಗೆ ಹಾಕಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ, ತಿರುಗಿ ನೋಡಲಿಲ್ಲ.

ಆದ್ದರಿಂದ ಅಲ್ಲಿಗೆ ಬರೆಯಬೇಡ. ಅವ್ವನ ಕಾಗದಗಳೂ ಇನ್ನು ನಿನಗೆ ಬರುವುದಿಲ್ಲ. ಊರಲ್ಲಿ ಬರೆಯುವವರಿಲ್ಲ. ಅವಳು ಆರಾಮ ಇದ್ದಾಳೆಂದೇ ತಿಳಿ.

ಲಾಡಸಾಬ ಬಿಟ್ಟ ಸಾಲುಗಳಲ್ಲಿ ಏನಿತ್ತು ಮಾವಾ? ನೀನು ನನ್ನ ಮೇಲೆ ಸಿಟ್ಟಾಗಿದ್ದರೆ, ಮಾಸ್ತರರ ಕೆಲಸ ನನ್ನಿಂದ ಹೋಯಿ­ತೆಂದು ಬರೆದಿದ್ದರೆ, ಅದೂ ನನಗೆ ಗೊತ್ತಾಗಲಿ. ಇನ್ನೊಮ್ಮೆ ಬರೆದು ಅವ್ವನ ಹೆಸರಿಗೆ ಕಳಿಸು. ಅವಳು ಬಿಚ್ಚದೆ ಇಟ್ಟಿರುತ್ತಾಳೆ. ಬರುವ ವರ್ಷ ಪಂಚಮಿಗೆ ನನ್ನನ್ನು ತವರಿಗೆ ಕಳಿಸಿದರೆ ಓದುತ್ತೇನೆ.

ಫಕೀರವ್ವ